ಆದಮ್ಮನ ಹೆಚ್ಚಿನ ರೊಟ್ಟಿಗಳು

ಬೆಳಕು ಹರಿಯುವ ಮೊದಲೇ ಆದಮ್ಮ ಅಂಗಳ ಗುಡಿಸಿ ನೀರು ಹೊಡೆದಿರುತ್ತಾಳೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿ, ಸ್ನಾನಕ್ಕೆ ನೀರು ಕಾಯಲು ಇಟ್ಟಿರುತ್ತಾಳೆ. ಬೇಳೆ ಬೇಯಲು ಹಾಕಿ, ಬದನೆಕಾಯಿ ಹೆಚ್ಚಿ, ಶೇಂಗಾ ಹುರಿದು ಕುಟ್ಟಿರುತ್ತಾಳೆ. ನಡುವೆ ನಳ ಬಂತೋ, ಅರ್ಧ ಗಂಟೆಯಲ್ಲಿ ಹನ್ನೆರಡು ಕೊಡ ತುಂಬಬೇಕು. ಆಮೇಲೆ ಎಸರಿಟ್ಟು ಜೋಳದ ಹಿಟ್ಟು ನಾದಿ ಹಂಚಿನ ಮುಂದೆ ಕುಳಿತರೆ, ಏಳು ಗಂಟೆಗೆ ಎಂಬತ್ತು ರೊಟ್ಟಿ ಬುಟ್ಟಿ ಸೇರುತ್ತವೆ. ಅಷ್ಟೊತ್ತಿಗೆ ಗಂಡ ಗೋಪಣ್ಣ ಎದ್ದು, "ನನ್ನ ಟವೆಲ್ ಎಲ್ಲೈತಿ?" ಎಂದು ಕೂಗುತ್ತಾನೆ.

ಆದಮ್ಮ ಪಾಮನಕಲ್ಲೂರಿನ ಮಗಳು. ಲಿಂಗಸುಗೂರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಎಂಟು ವರ್ಷದ ಹಿಂದೆ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ಶುರುಮಾಡಿದವಳು ಅವಳೇ. ಸಿಂಧನೂರು ಕಡೆಯಿಂದ ಬಂದು ಇಲ್ಲಿನ ಕಚೇರಿಗಳಲ್ಲಿ ದುಡಿಯುವ ಅನ್ನವನ್ನೇ ಉಣ್ಣುವ ಮಂದಿಯೂ ಅವಳ ರೊಟ್ಟಿಗೆ ಸಾಲು ಹಚ್ಚುತ್ತಾರೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ 'ಗೋಪಣ್ಣನವರ ಖಾನಾವಳಿ' ಎಂದಿದೆ. ಗೋಪಣ್ಣ ಗೂಡ್ಸ್ ಆಟೋ ಓಡಿಸುತ್ತಾನೆ. ಹಂಚಿನ ಬಿಸಿ ಅವನಿಗೆ ಗೊತ್ತಿಲ್ಲ.

ಒಂದು ಸಂಜೆ ಅವನು ಹಿಗ್ಗುತ್ತಾ ಬಂದ. ಮಸ್ಕಿ ರಸ್ತೆಯಲ್ಲಿ ಪೈಪು ಹಾಕುವ ಕೂಲಿಗಳಿಗೆ ದಿನಾ ನೂರು ರೊಟ್ಟಿ ಬೇಕಂತೆ. ಅಲ್ಲಿನ ಮೇಸ್ತ್ರಿ ಅನಿಲಕುಮಾರ ಅರ್ಧ ದರಕ್ಕೆ ಕೇಳಿದ್ದಾನೆ, ಇವನು ಒಪ್ಪಿದ್ದಾನೆ.

"ಯಾರನ್ನ ಕೇಳಿ ಮಾತು ಕೊಟ್ರಿ?"

"ಕೇಳೋದೇನೈತಿ? ಒಲಿ ಹೆಂಗೂ ಹತ್ತಿರ್ತೈತಿ, ನೀ ಹೆಂಗೂ ಕುಂತಿರ್ತಿ. ಹಿಟ್ಟು ಬಿಟ್ರ ಹೆಚ್ಚಿಗಿ ಖರ್ಚೇನು?"

ಬಿ.ಕಾಂ ಓದುವ ಮಗಳು ನಂದಿನಿ ಪುಸ್ತಕದಿಂದ ತಲೆ ಎತ್ತಿದಳು. "ಯವ್ವಾ, ಇದು ನಮ್ಮ ಪಾಠದಾಗೂ ಐತಿ. ಹೊಸ ಆರ್ಡರ್ ಬಂದ್ರ ಮೊದಲಿಂದ ಇರೋ ಖರ್ಚು ಎಣಿಸಬಾರದು. ಅದರಿಂದ ಏನು ಬದಲಾಗ್ತೈತಿ, ಅಷ್ಟೇ ನೋಡಬೇಕು."

"ನೋಡಿದೇನು? ಕಾಲೇಜಿನಾಗೂ ನನ್ನ ಮಾತೇ ಕಲಿಸ್ತಾರ!" ಗೋಪಣ್ಣ ಮೀಸೆ ಸವರಿದ.

ಆದಮ್ಮ ಮಗಳನ್ನೇ ನೋಡಿದಳು. "ಪಾಠ ಖರೇ ಐತಿ. ಆದ್ರ ಬದಲಾಗೋದು ಏನಂತ ನೋಡೋರು ಯಾರು? ಮಲಗಿದವರೋ, ಎದ್ದವರೋ?"

ಮರುದಿನದಿಂದ ಅವಳೇ ನೋಡತೊಡಗಿದಳು. ಮೊದಲ ದಿನ ಕೂಲಿಗಳಿಗೆಂದು ಇಪ್ಪತ್ತು ರೊಟ್ಟಿ ಹೆಚ್ಚು ಬಡಿದಳು. ಏನೂ ಬದಲಾಗಲಿಲ್ಲ. ಬೇಳೆ ಕುದಿಯುವ ತನಕ ಹಂಚು ಸುಮ್ಮನೆ ಕಾಯುತ್ತಿತ್ತು, ಆ ಹೊತ್ತಿನಲ್ಲೇ ಮುಗಿದವು. ಎರಡನೇ ದಿನ ನಲವತ್ತು. ಕೆಲಸವೆಲ್ಲ ಆಯಿತು, ಆದರೆ ಹಿತ್ತಲ ಕಟ್ಟೆಯ ಮೇಲೆ ಕೂತು ಒಬ್ಬಳೇ ಚಹಾ ಕುಡಿಯುವ ಹತ್ತು ನಿಮಿಷ ಹೋಯಿತು. ಲೋಟ ಒಲೆಯ ಪಕ್ಕದಲ್ಲೇ ಕೆನೆಗಟ್ಟಿತು. ಮೂರನೇ ದಿನ ಅರವತ್ತು: ನಳ ಬಂದು ಹೋಯಿತು, ಐದು ಕೊಡ ಖಾಲಿ ಉಳಿದವು. ಎಂಬತ್ತರ ದಿನ ಅತ್ತೆಗೆ ಮಧ್ಯಾಹ್ನದವರೆಗೆ ಸ್ನಾನವಿಲ್ಲ, ಇವಳ ಬಲಗೈ ಭುಜದಿಂದ ಮೇಲೇಳಲೊಲ್ಲದು. ನೂರರ ದಿನ ಬರಲೇ ಇಲ್ಲ.

"ಎಲ್ಲ ಇಪ್ಪತ್ತೂ ಒಂದೇ ತೂಕ ಅಲ್ರಿ," ಎಂದಳು ಗಂಡನಿಗೆ. "ಮೊದಲನೇ ಇಪ್ಪತ್ತಕ್ಕ ಹಿಟ್ಟಷ್ಟೇ ಖರ್ಚು. ನಾಕನೇ ಇಪ್ಪತ್ತಕ್ಕ ನನ್ನ ರಟ್ಟಿ ಖರ್ಚು. ನೀವು ಎರಡಕ್ಕೂ ಒಂದೇ ದರ ಹಚ್ಚೀರಿ, ಅದೂ ಅರ್ಧ."

ಪಕ್ಕದ ಮನೆಯ ಹಾಜಿರಾಬೀ ಗೋಡೆಯಾಚೆಯಿಂದ ನಕ್ಕಳು. "ಗೋಪಣ್ಣ, ನಿನ್ನ ಆಟೋಕ್ಕ ಹತ್ತು ಚೀಲ ಹೆಚ್ಚಿಗಿ ಹೇರಿದ್ರ ಟಾಯರ್ ಏನಂತೈತಪಾ?"

ಗೋಪಣ್ಣನ ಮುಖ ಕೆಂಪಾಯಿತು. "ಹಂಗಾದ್ರ ನಂದಿನಿನ ಕೂಡಿಸಿಕೋ. ಆರು ತಿಂಗಳ ಕೆಲಸ. ಹೆಂಗೂ ಮನ್ಯಾಗ ಇರ್ತಾಳ, ಕಾಲೇಜಿಗಿ ಹತ್ತಕ್ಕ ಹೋದ್ರಾತು."

"ಅಕಿ ಬೆಳಿಗ್ಗೆ ಓದ್ತಾಳ. ಅದೂ ನಿಮ್ಮ ಲೆಕ್ಕದಾಗ ಪುಕ್ಕಟೆ ಏನು?"

"ಮೇಸ್ತ್ರಿಗಿ ಏನು ಮಾರಿ ತೋರಿಸ್ಲಿ?"

"ನಿಮ್ಮ ಹೆಸರಿನ ಬೋರ್ಡ್ ಐತಲ್ಲ, ಅದರ ಮಾರಿ ತೋರಿಸ್ರಿ."

ಅವನು ಆಟೋ ಹೊಡೆದುಕೊಂಡು ಹೋದ. ನಂದಿನಿ ಕಾಲೇಜಿಗೆ ಹೋದಳು. ಅತ್ತೆ ನಿದ್ದೆ ಹೋಗಿದ್ದಳು. ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದ ಆ ಹೊತ್ತಿನಲ್ಲಿ ಆದಮ್ಮ ಮೇಸ್ತ್ರಿಗೆ ಫೋನು ಹಚ್ಚಿದಳು.

"ನೂರು ಆಗಂಗಿಲ್ಲ, ಅರ್ಧ ದರಕ್ಕೂ ಆಗಂಗಿಲ್ಲ. ನನ್ನ ಮನಿ ದರಕ್ಕ ಇಪ್ಪತ್ತು ಕೊಡ್ತೀನಿ. ಉಳಿದದ್ದು ಬೇರೆ ಕಡೆ ನೋಡ್ಕೋರಿ."

ಆ ಕಡೆ ಅನಿಲಕುಮಾರ ಲೊಚಗುಟ್ಟಿದ. "ಅಕ್ಕಾರ, ಹಂಗಂದ್ರ ಹೆಂಗ್ರಿ? ಪೂರಾ ದರ ಕೊಡ್ತೀನಿ, ನಲವತ್ತಾದ್ರೂ ಮಾಡ್ರಿ. ನಲವತ್ತು ನಿಮಗ ಏನು ಹೊರೆ?"

ಹೊರೆಯೇನಲ್ಲ, ಅದು ಅವಳಿಗೂ ಗೊತ್ತಿತ್ತು. ನೀರು ತಪ್ಪುವುದಿಲ್ಲ, ಅತ್ತೆಯ ಸ್ನಾನ ತಪ್ಪುವುದಿಲ್ಲ, ಮಗಳ ಓದಿಗೂ ಧಕ್ಕೆಯಿಲ್ಲ. ಪೂರಾ ದರವೂ ಸಿಗುತ್ತದೆ. ಹೋಗುವುದು ಹತ್ತು ನಿಮಿಷ, ಒಂದು ಲೋಟ ಚಹಾ. ಕೇಳಿದರೆ ಊರೇ ನಕ್ಕೀತು.

ಆದಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಇಪ್ಪತ್ತು," ಎಂದಳು. "ಬೇಕಾದ್ರ ನಾಳೆಯಿಂದ. ಬ್ಯಾಡಾದ್ರ ಬಿಡ್ರಿ."