ಮುಚ್ಚಳ ಮಾತ್ರ ಮುಚ್ಚಿದ ಹನ್ನೆರಡು ಲ್ಯಾಪ್‌ಟಾಪುಗಳು

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹಾನಗಲ್ಲಿನ ಒಂದು ಆಫೀಸಿನಲ್ಲಿ ಕಸ ಗುಡಿಸುತ್ತಿದ್ದೆ. ಹಳೆಯ ಲ್ಯಾಪ್‌ಟಾಪುಗಳನ್ನು ರಿಪೇರಿ ಮಾಡಿ ದೂರದ ಹಳ್ಳಿಶಾಲೆಗಳಿಗೆ ಕಳಿಸುವ ಆಫೀಸು ಅದು. ಅಲ್ಲಿನ ಮೇಡಂ ನನಗೂ ಒಂದು ಕೆಲಸ ಕಲಿಸಿದರು. ಲ್ಯಾಪ್‌ಟಾಪು ವೈಫೈ ಹಿಡಿಯಬೇಕಾದರೆ ಡ್ರೈವರ್ ಎಂಬ ಸಾಫ್ಟ್‌ವೇರ್ ಬೇಕು. ಅದನ್ನು ಅವರು ಹಾಕುವರು. ನಾನು ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಿ, ಎರಡು ನಿಮಿಷ ಬಿಟ್ಟು ಚಾಲೂ ಮಾಡಬೇಕು. ನನ್ನ ಹತ್ತಿರ ಗಡಿಯಾರ ಇರಲಿಲ್ಲ, ನೂರೆಂಟು ಸಲ ಶಿವನಾಮ ಎಣಿಸುತ್ತಿದ್ದೆ. ವೈಫೈ ಗುರುತು ತಾನಾಗಿ ಬಂದರೆ, ಸರಿಯಿದೆ ಎಂದು ಮುಚ್ಚಳಕ್ಕೆ ಬಿಳಿ ಚೀಟಿ.

"ಅಲ್ಲಿ ಹೋದಮ್ಯಾಲೆ ನೆಟ್ ಹಿಡೀಲಿಲ್ಲಂದ್ರ ಇಲ್ಲಿಂದ ನಾ ಏನೂ ಮಾಡಾಕ ಬರಂಗಿಲ್ರೀ ಅವ್ವಾರ" ಎಂದು ಮೇಡಂ ಮೊದಲೇ ಹೇಳಿದ್ದರು.

ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಅವರು ಹನ್ನೆರಡು ಲ್ಯಾಪ್‌ಟಾಪಿಗೆ ಹೊಸ ಡ್ರೈವರ್ ಹಾಕಿದರು. ಪೂಜೆ ಮುಗಿಸಿ, ತಪಾಸಣೆ ನನಗೆ ಒಪ್ಪಿಸಿ, ಸವಣೂರಿನ ತಮ್ಮ ಮನೆಗೆ ಹೋದರು. ನಮ್ಮ ಮನೆಯಲ್ಲಿ ಅಂದು ಪೂಜೆಗಿಟ್ಟ ಕುಡುಗೋಲನ್ನು ಸಹ ಯಾರೂ ಮುಟ್ಟುತ್ತಿರಲಿಲ್ಲ. ವಿಭೂತಿ ಹಚ್ಚಿ, ಹೂವಿಟ್ಟು ಪೂಜೆ ಮಾಡಿದ, ಇನ್ನೂ ಚಾಲೂ ಇದ್ದ ಯಂತ್ರವನ್ನು ಬಂದ್ ಮಾಡಲು ನನಗೆ ಕೈ ಬರಲಿಲ್ಲ. ಮುಚ್ಚಳವನ್ನಷ್ಟೇ ಮುಚ್ಚಿ, ಎಣಿಸಿ, ತೆರೆದೆ. ಗುರುತು ಇತ್ತು. ಹನ್ನೆರಡಕ್ಕೂ ಚೀಟಿ ಅಂಟಿಸಿದೆ.

ಮೂರನೆಯ ದಿನ ಬೆಳಿಗ್ಗೆ ಮೇಡಂ ಮರಳಿ ಬಂದರು, ಹಿರೇಕೆರೂರು ಕಡೆಯ ಶಾಲೆಗೆ ಅವನ್ನು ಒಯ್ಯಲು ಗಾಡಿ ಬಂತು. ಮುಚ್ಚುವುದು ಬೇರೆ, ಬಂದ್ ಮಾಡುವುದು ಬೇರೆ, ಮುಚ್ಚಿದರೆ ಯಂತ್ರ ಬರೀ ಮಲಗುತ್ತದೆ, ಬಂದ್ ಮಾಡಿ ಚಾಲೂ ಮಾಡಿದರೇ ಡ್ರೈವರ್ ಸರಿಯಿದೆಯೋ ಇಲ್ಲವೋ ತಿಳಿಯುವುದು ಎಂದು ಮೇಡಂ ಹೇಳಿಕೊಟ್ಟಿದ್ದು ಆಗ ನೆನಪಾಯಿತು. ಹೇಳಿದರೆ ಕಸಬರಿಗೆಯ ಕೆಲಸವೂ ಹೋದೀತು. ಹೇಳದಿದ್ದರೆ ಆ ಶಾಲೆಯ ಮಕ್ಕಳು ಏನೂ ಬಾರದ ಪರದೆಯನ್ನು ನೋಡುತ್ತ ಕೂರಬೇಕು. ಗಂಡಸರ ಎದುರು ದನಿ ಎತ್ತಿದವಳಲ್ಲ ನಾನು. ಲ್ಯಾಪ್‌ಟಾಪುಗಳನ್ನು ಏರಿಸಿದ್ದ ಗಾಡಿಯ ಬಾಗಿಲು ಹಿಡಿದು ನಿಂತೆ.

"ಯಾಕಬೇ, ನೀನೂ ಹಿರೇಕೆರೂರಿಗೆ ಬರಾಕಿ ಏನು?" ಎಂದ ಗಾಡಿಯವನು. "ಹಿಂದ ಕುಂದ್ರು, ಲ್ಯಾಪ್‌ಟಾಪಿನ ಬಾಜೂಕ ಜಾಗಾ ಐತಿ."

ಮೇಡಂ ಕೂಡ ನಕ್ಕರು. ಮೇಲಿದ್ದ ಲ್ಯಾಪ್‌ಟಾಪಿನ ಚೀಟಿಯನ್ನು ಕಿತ್ತು ಅವರ ಕೈಗಿಟ್ಟೆ. ಅವರ ನಗು ನಿಂತಿತು.

"ಬಂದ್ ಮಾಡಿ ನೋಡಿಲ್ರೀ. ಪೂಜಿ ಆಗಿತ್ರಿ" ಎಂದೆ.

ಅವರು ಅಲ್ಲೇ ಒಂದನ್ನು ಬಂದ್ ಮಾಡಿದರು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ, ನಲವತ್ತಕ್ಕೆ ಲೆಕ್ಕ ತಪ್ಪಿತು. ಚಾಲೂ ಮಾಡಿದರು. ಗುರುತು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲೂ ಇಲ್ಲ.

"ಗಾಡಿ ನಾಳೆ ತರ್ರಿ" ಎಂದು ಅವನನ್ನು ಕಳಿಸಿ, ಮೇಡಂ ನನ್ನ ಕಡೆ ತಿರುಗಿದರು. ಸೆರಗು ಬಿಗಿಯಾಗಿ ಹಿಡಿದುಕೊಂಡೆ.

"ಕುಂದರ್ರಿ ಅವ್ವಾರ. ಈ ಹೊಸಾ ಡ್ರೈವರ್ ಸರಿ ಇಲ್ರೀ, ನಾ ಹಳೇದು ಹಾಕತೇನಿ, ನೀವು ಬಂದ್ ಮಾಡ್ರಿ."

ಅವರಿಗೆ ಸಿಟ್ಟು ಬಂದಿತ್ತೋ ಇಲ್ಲವೋ, ಮುಖ ನೋಡುವ ಧೈರ್ಯವಾಗಲಿಲ್ಲ. ವಿಭೂತಿ ಇನ್ನೂ ಅಂಟಿದ್ದ ಒಂದೊಂದನ್ನೂ ಎರಡೆರಡು ಸಲ ಬಂದ್ ಮಾಡಿ ಚಾಲೂ ಮಾಡಿದೆ, ಎಲ್ಲದರಲ್ಲೂ ಗುರುತು ಬಂತು. ಸಂಜೆ ಅಂಟಿಸಿದ ಹನ್ನೆರಡನೆಯ ಚೀಟಿ ಸೊಟ್ಟಗೆ ಕೂತಿತು. ಮೇಡಂ ಅದನ್ನು ನೋಡಿ, ಲ್ಯಾಪ್‌ಟಾಪನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟರು.