ಸಪ್ಪಳವಿಲ್ಲದ ಶಾಲೆ

ಮೊನ್ನೆ ಯಾರೋ ಕಮಲಾಪುರದ ಕೆಂಪು ಬಾಳೆಹಣ್ಣು ತಂದುಕೊಟ್ಟರು. ಚೀಲದ ಬಾಯಿ ಬಿಚ್ಚಿದೊಡನೆ ಹಣ್ಣಿನ ವಾಸನೆಯ ಜೊತೆಗೆ ಶಾಲೆಯ ಒದ್ದೆ ಪಾಟಿಯ ವಾಸನೆಯೂ ಬಂತು... ಎಂದು ಬರೆದೆ, ಕೂಡಲೇ ಅನುಮಾನವಾಯಿತು. ಚೀಲದಲ್ಲಿ ಪಾಟಿ ಇರಲಿಲ್ಲ. ಅದನ್ನು ಸೇರಿಸಿದವಳು ನಾನು. ನಮ್ಮ ಮಾಸ್ತರರಿದ್ದಿದ್ದರೆ ಇಲ್ಲಿಯೇ ತಡೆಯುತ್ತಿದ್ದರು.

ಅದು ನಿಜಾಮರ ಆಳಿಕೆಯ ಕಾಲ. ಸರಕಾರಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಬೇಕೆಂದವರು ತಮ್ಮಷ್ಟಕ್ಕೆ ತಾವೇ ಮಾಸ್ತರರನ್ನು ಹುಡುಕಿಕೊಳ್ಳಬೇಕಿತ್ತು. ಗಾಜಿಪುರದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ ಮನೆಯ ಪಡಸಾಲೆಯನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಕಮಲಾಪುರದಿಂದ ಬಂದ ಮಾಸ್ತರರು ಅಲ್ಲಿ ಓಣಿಯ ಮಕ್ಕಳಿಗೆ ಕಲಿಸುತ್ತಿದ್ದರು. ನನ್ನಂಥ ಹುಡುಗಿಯರೂ ಒಬ್ಬಿಬ್ಬರು ಇದ್ದೆವು.

ಆಗ ಶಾಲೆಯೆಂದರೆ ಸಪ್ಪಳ. ಮಕ್ಕಳೆಲ್ಲ ಮೈ ತೂಗುತ್ತ ಒಂದೇ ದನಿಯಲ್ಲಿ ಒದರಬೇಕು. ಓಣಿಯ ತುದಿಗೆ ಕೇಳಿಸಿದರೆ ಪಾಠ ನಡೆದಿದೆ ಎಂದು ಅರ್ಥ. ಮಾಸ್ತರರು ಅದನ್ನು ನಿಲ್ಲಿಸಿಬಿಟ್ಟರು. ತಾವೇ ಕಟ್ಟಿದ ಮೂರು ನಾಲ್ಕು ಸಾಲುಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದರು. ತುಟಿ ಅಲುಗಿಸದೆ ಓದಬೇಕು. ಓದಿ, ಅಲ್ಲಿ ಬರೆಯದೆ ಬಿಟ್ಟದ್ದನ್ನು ಹೇಳಬೇಕು.

ಒಂದು ದಿನ ಹಲಗೆಯ ಮೇಲೆ ಹೀಗಿತ್ತು: ಮುದುಕ ಹೊಲದಿಂದ ಬಂದ. ಕಾಲು ತೊಳೆಯದೆ ಒಳಗೆ ಹೋದ.

ಒಬ್ಬ ಹುಡುಗ ಎದ್ದು, “ಮಳಿ ಬಂದಿರಬೇಕ್ರಿ” ಎಂದ.

“ಯಾವ ಮಾತು ಹಂಗ ಹೇಳ್ಲಾಕತ್ತದ, ತೋರಸು.”

ಹುಡುಗ ಹಲಗೆಯನ್ನು ನೋಡಿದ, ನೆಲ ನೋಡಿದ.

“ಅದು ನಿನ್ನ ತಲ್ಯಾಗಿನ ಮಳಿ. ಹಲಗಿ ಮ್ಯಾಲ ಒಂದು ಹನಿನೂ ಬಿದ್ದಿಲ್ಲ, ಕೂಡು.”

ಮತ್ತೊಬ್ಬಳು, ಒಳಗೆ ಯಾರಿಗೋ ಆರಾಮಿಲ್ಲ, ಅದಕ್ಕೇ ಕಾಲು ತೊಳೆಯಲೂ ಅವನು ನಿಲ್ಲಲಿಲ್ಲ ಎಂದಳು. ಮಾಸ್ತರರು ಬಳಪ ಕೆಳಗಿಟ್ಟರು. “ಆಗಿರಬಹುದು. ಇನ್ನೊಂದು ಸಾಲು ಬರಲಿ, ಆಮ್ಯಾಲ ನಂಬ್ತೀನಿ.” ಅವರಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಸಿಕ್ಕದ್ದು ನನಗೆ ನೆನಪಿಲ್ಲ.

ಓಣಿಯವರಿಗೆ ಇದು ನಗೆಯ ವಿಷಯವಾಯಿತು. “ಏನ್ರಿ ಸಾವಕಾರ್ರ, ಹುಡುಗೂರ್ನ ಮಲಗಿಸ್ಲಿಕ್ಕೂ ಮಾಸ್ತರ್ನ ಇಟ್ಟೀರೇನು?” ಎಂದು ಅಪ್ಪನನ್ನು ಕೆಣಕಿದರು. ಕೆಲವರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಅಪ್ಪ ಒಂದು ದಿನ ಪಡಸಾಲೆಗೆ ಬಂದು ನಿಂತರು.

“ಮಾಸ್ತರ, ದಿನಾ ಒಂದು ತಾಸರೆ ಒದರಸ್ರಿ. ಮಂದಿಗೆ ಕೇಳಿದ್ರ ಸಾಕು.”

“ಒದರೂದು ಓದಲ್ರಿ, ಸಾವಕಾರ್ರ.”

“ಹಂಗಿದ್ರ ಅಮಾಸಿ ದಿನಾ ನಾಲ್ಕು ಮಂದೀನ ಕರೀತೀನಿ. ಅವರ ಎದುರಿಗೆ ತೋರಸ್ರಿ. ಒಪ್ಪಿದ್ರ ಶಾಲಿ ಇರ್ತದ. ಇಲ್ಲಂದ್ರ ಪಡಸಾಲಿ ಕಾಳಿನ ಚೀಲಕ್ಕ ಬೇಕಾಗ್ಯದ.”

ಒಂದು ತಾಸು ಒದರಿಸಿದ್ದರೆ ಎಲ್ಲವೂ ಉಳಿಯುತ್ತಿತ್ತು. ಆದರೆ ಅಮಾವಾಸ್ಯೆಯ ತನಕ ಪಡಸಾಲೆಯಲ್ಲಿ ಬಳಪದ ಸಪ್ಪಳ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಆ ದಿನಗಳಲ್ಲೇ ನನ್ನ ಅಕ್ಕ ಗಂಡನ ಮನೆಯಿಂದ ಬಂದಿದ್ದಳು. ಕೇಳಿದವರಿಗೆಲ್ಲ ಅವ್ವ, “ಪಂಚಮಿಗೆ ಕರಕೊಂಡು ಬಂದೀವಿ” ಎನ್ನುತ್ತಿದ್ದಳು. ಪಂಚಮಿ ಮುಗಿದು ದಸರೆ ಹತ್ತಿರ ಬಂದರೂ ಅದೇ ಮಾತು. ಅಪ್ಪ ಅವಳನ್ನು ಕಳಿಸಲು ಗಾಡಿ ಗೊತ್ತುಮಾಡಿದ್ದರು. ಅಕ್ಕನನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಅಮಾವಾಸ್ಯೆಯ ದಿನ ಹಿರಿಯರು ಬಂದು ಕೂತರು. ಮಾಸ್ತರರು ಹಲಗೆಯ ಮೇಲೆ ಬರೆದರು: ಮಗಳು ತವರಿಗೆ ಬಂದಳು. ತಾಯಿ ಇನ್ನೊಬ್ಬರಿಗೂ ಊಟದ ತಾಟು ಇಟ್ಟಳು. ಆಮೇಲೆ ಅದನ್ನು ಒಳಗೆ ಒಯ್ದಳು. ಮಗಳು ಬಾಗಿಲ ಕಡೆ ನೋಡಲಿಲ್ಲ.

ನನ್ನನ್ನು ಎಬ್ಬಿಸಿದರು. “ಏನು ಬರದಿಲ್ಲ, ಹೇಳವ್ವ.”

“ಗಂಡ ಸಂಗಾಟ ಬಂದಿಲ್ರಿ. ಅಂವ ಬಂದಿರ್ತಾನಂತ ತಿಳದು ತಾಯಿ ತಾಟು ಇಟ್ಟಾಳ. ಅಂವ ಬರೂದಿಲ್ಲಂತ ಮಗಳಿಗೆ ಮೊದಲೇ ಗೊತ್ತದ. ಅದಕ್ಕ ಬಾಗಲಾ ನೋಡಲಿಲ್ಲ.”

ಹಿರಿಯರೊಬ್ಬರು ತಲೆದೂಗಿದರು. ಅಲ್ಲಿಗೆ ಕೂತುಬಿಡಬಹುದಿತ್ತು.

“ಅಕಿಗೆ ತಿರುಗಿ ಹೋಗೂ ಮನಸ್ಸಿಲ್ರಿ” ಎಂದೆ.

“ಅದು ಯಾವ ಮಾತಿನಿಂದ?”

ಹಲಗೆಯ ಮೇಲೆ ಹುಡುಕಿದೆ. ಅಲ್ಲಿರಲಿಲ್ಲ. ಆದರೆ ಮಾಸ್ತರರಿಗೆ ಸಾಕ್ಷಿ ಕೊಡದೆ ಕೂಡುವಂತಿರಲಿಲ್ಲ. “ಇದು ಹಲಗಿ ಮ್ಯಾಲಿಲ್ರಿ. ನಮ್ಮಕ್ಕ ಗಂಟು ಬಿಚ್ಚಿ ಸೀರಿ ಎಲ್ಲಾ ಅವ್ವನ ಪೆಟಗ್ಯಾಗ ಇಟ್ಟಾಳ.”

ಯಾರೋ ಕೆಮ್ಮಿದರು. ತಲೆದೂಗಿದ್ದ ಹಿರಿಯರೇ ಮೆಲ್ಲಗೆ, “ಹುಡುಗಿ ಓದ್ಯಾಳ ಬಿಡ್ರಿ” ಎಂದರು. ಅಪ್ಪನ ಮುಖ ಬೇರೆಯಾಗಿತ್ತು.

“ನಾಳಿಂದ ಚೀಲ ಬರ್ತಾವ, ಮಾಸ್ತರ.”

“ಹುಡುಗಿ ತಪ್ಪು ಓದ್ಯಾಳೇನ್ರಿ? ತಪ್ಪಿದ್ರ ಹೇಳ್ರಿ. ಈಗೇ ಒದರಿಸ್ಲಿಕ್ಕೆ ಸುರು ಮಾಡ್ತೀನಿ.”

ಅಪ್ಪ ಎದ್ದು ಒಳಗೆ ನಡೆದರು. ಮಾಸ್ತರರು ಹಲಗೆ ಒರೆಸದೆ, ತಮ್ಮ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದರು. ಸೋತವರ ನಡಿಗೆಯಾಗಿರಲಿಲ್ಲ ಅದು... ಅಥವಾ ಆಮೇಲೆ ನೆನಪಿನಲ್ಲಿ ನಾನೇ ಅವರನ್ನು ಹಾಗೆ ನಡೆಸಿದೆನೋ.

ಮಾಸ್ತರರು ಕಮಲಾಪುರದವರು, ಅಕ್ಕನ ಗಂಡನ ಊರೂ ಅದೇ. ಅವರಿಗೆ ನಮ್ಮ ಮನೆಯ ಸಂಗತಿ ತಿಳಿದಿತ್ತೆ? ತಿಳಿದೇ ಆ ಸಾಲುಗಳನ್ನು ಬರೆದರೆ? ಹೌದೆನ್ನಲು ನನ್ನಲ್ಲಿ ಏನೂ ಆಧಾರವಿಲ್ಲ. ಆ ಸಂಜೆ ಅಪ್ಪ ಅಕ್ಕನ ಎದುರು ಕೂತು, ಮೊದಲ ಸಲ ಏನಾಯಿತೆಂದು ಕೇಳಿದರು. ಗಾಡಿಯನ್ನು ಬೇಡವೆಂದು ತಿರುಗಿ ಕಳಿಸಿದರು. ಶಾಲೆ ಹೋಯಿತು, ಅಕ್ಕ ಉಳಿದಳು ಎಂದು ಚೊಕ್ಕಟವಾಗಿ ಮುಗಿಸಬಹುದು, ಆದರೆ ನನಗೇ ನಂಬಿಕೆಯಿಲ್ಲ. ಅಕ್ಕ ಉಳಿದದ್ದು ತನ್ನ ಹಟದಿಂದಲೇ ಇರಬಹುದು. ಹಲಗೆಯ ಸಾಲುಗಳನ್ನು ಮಾತ್ರ ಬಹಳ ದಿನ ಯಾರೂ ಒರೆಸಲಿಲ್ಲ. ಅವುಗಳ ಮುಂದೆ ಚೀಲಗಳು ಏರುತ್ತ ಹೋದವು.

ಇಷ್ಟು ವರ್ಷದ ಮೇಲೆ, ಹಣ್ಣು ಬಂದ ಮರುದಿನ ಕಮಲಾಪುರಕ್ಕೆ ಹೋದೆ. ಮಾಸ್ತರರ ವಿಷಯ ಕೇಳುತ್ತ ಹೋದಾಗ, ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ತಾನೂ ಅವರ ಹತ್ತಿರ ಕಲಿತವಳೆಂದಳು. ಊರಿಗೆ ಮರಳಿದ ಮಾಸ್ತರರು ಕೊನೆಯ ತನಕ ಶಾಲೆ ನಡೆಸಿದ್ದರಂತೆ.

“ಕಡೀಕ ಅವರಿಗೆ ಕಣ್ಣು ಕಾಣ್ತಿದ್ದಿಲ್ರಿ. ಹಲಗಿ ಮ್ಯಾಲ ನಮ್ಮೊಳಗ ಒಬ್ಬರು ಬರೀತಿದ್ರು. ನಾವು ಸುಮ್ನ ಓದಿ, ಬರೀದೇ ಬಿಟ್ಟದ್ದಷ್ಟ ಹೇಳ್ತಿದ್ವಿ. ಬರದದ್ದು ಏನಿತ್ತಂತ ಅವರೇ ಹೇಳ್ತಿದ್ರು.”

“ತಪ್ಪತಿದ್ದಿಲ್ಲೇನು?”

“ತಪ್ಪತಿತ್ತಲ್ರಿ. ತಪ್ಪಿದ್ರ ಮತ್ತ ಓದ್ರಿ ಅಂತಿದ್ರು.”

ಯಾವಾಗ ತೀರಿಕೊಂಡರೆಂದು ಕೇಳಿದೆ. ಅವಳು ಬೆರಳು ಮಡಿಸಿ ಎಣಿಸತೊಡಗಿದಳು, ನಡುವೆ ಲೆಕ್ಕ ತಪ್ಪಿ ಬಿಟ್ಟಳು. ನಾನೂ ಅವಳ ಪಕ್ಕ ಕಟ್ಟೆಯ ಮೇಲೆ ಕೂತೆ. ನಾನು ಬಹಳ ತಡವಾಗಿ ಬಂದಿದ್ದೆ.