ಕಾಕಾನ ಕೆಂಪು ಬ್ರೇಕ್

ಆ ಬರದ ವರ್ಷ, ದೀಪಾವಳಿ ಪಾಡ್ಯ ಕಳೆದ ಮೂರನೇ ದಿನ ಬೆಳಿಗ್ಗೆ, ಔರಾದದಿಂದ ಬೀದರ್ ಕಡೆ ಹೊರಟಿದ್ದ ನಮ್ಮ ಕಾಕಾನ ಗಾಡಿ ಮಾಂಜ್ರಾ ಸೇತುವೆಗೆ ಇಳಿಯುವ ರಸ್ತೆಯಲ್ಲಿ ಬ್ರೇಕ್ ಹತ್ತದೆ ಪಕ್ಕದ ಹೊಲಕ್ಕೆ ನುಗ್ಗಿತು. ಒಳಗೆ ಹನ್ನೊಂದು ಜನರಿದ್ದರು. ಹತ್ತು ಜನರಿಗೆ ತರಚು ಗಾಯ. ಕಮಲಾಬಾಯಿಯ ಬಲಗೈ ಮುರಿಯಿತು.

ಆಗ ಔರಾದಕ್ಕೆ ನೀರಿನ ಟ್ಯಾಂಕರ್ ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಊರಿನಿಂದ, ಚಿಂತಾಕಿ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದ್ ಸುತ್ತಲಿನ ಇಟ್ಟಿಗೆ ಭಟ್ಟಿಗಳಿಗೆ ಗಂಟುಮೂಟೆ ಕಟ್ಟುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದೆ. ಕಮಲಾಬಾಯಿಯ ಮಗಳು ಸಂಗೀತಾ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ತಾಯಿ-ತಂದೆ ಭಟ್ಟಿಗೆ ಹೋಗುವುದು, ಸಂಗೀತಾ ಅಜ್ಜಿಯ ಹತ್ತಿರ ಉಳಿದು ಶಾಲೆ ಕಲಿಯುವುದು ಎಂದು ಅವರ ಮನೆಯಲ್ಲಿ ಗಟ್ಟಿಯಾಗಿತ್ತು. ಗಂಡನೊಂದಿಗೆ ಎರಡು ವಾರ ಜಗಳಾಡಿ ಕಮಲಾಬಾಯಿ ಗೆದ್ದುಕೊಂಡ ಮಾತು ಅದು.

ಶಿವರಾಜ ಕಾಕಾ ಅಪ್ಪನ ತಮ್ಮ. ಹತ್ತು ಸೀಟಿನ ಹಳೇ ಗಾಡಿಯೊಂದನ್ನು ಕೊಂಡು ಭಟ್ಟಿಗೆ ಹೋಗುವ ಜನರನ್ನು ಸಾಗಿಸುತ್ತಿದ್ದ. ಪಂಪ್‌ಸೆಟ್, ರೇಡಿಯೋ, ಎಮ್ಮೆಯ ಹೊಟ್ಟೆನೋವು, ಯಾವುದರ ಬಗ್ಗೆಯೂ ಅವನು ಯಾರನ್ನೂ ಕೇಳಿದ್ದಿಲ್ಲ. ಕೆಟ್ಟ ಮೇಲೆಯೂ ಕೇಳುತ್ತಿರಲಿಲ್ಲ.

ಹಬ್ಬಕ್ಕೆ ಎಂಟು ದಿನ ಮುಂಚೆ ಗಾಡಿ ಎಡಕ್ಕೆ ಎಳೆಯತೊಡಗಿತು. ನನಗೆ ಹಬ್ಬದ ಫ್ರಾಕ್ ಕೊಡಿಸಲು ಬೀದರಿಗೆ ಕರೆದುಕೊಂಡು ಹೋದ ಕಾಕಾ, ಅಲ್ಲಿ ಒಬ್ಬ ಮುದುಕ ಮೆಕ್ಯಾನಿಕ್‌ನ ಮುಂದೆ ಗಾಡಿ ನಿಲ್ಲಿಸಿದ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಮುಂದಿನ ಚಕ್ರ ಬಿಚ್ಚಿ, ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವ ಕಬ್ಬಿಣದ ಹಿಡಿಯನ್ನು ಅವರು ತೋರಿಸಿದರು. ಕ್ಯಾಲಿಪರ್ ಎಂಬ ಹೆಸರನ್ನು ನಾನು ಕೇಳಿದ್ದು ಆಗಲೇ. ಒಳಗಿನ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಎರಡೂ ಕಡೆ ಬಿಚ್ಚಬೇಕು, ಒಳಗಿನ ರಬ್ಬರ್ ರಿಂಗು ಹೊಸದು ಹಾಕಬೇಕು ಎಂದರು ಚಾಚಾ. ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದ ಕಾಕಾ.

"ಮಾಡ್ಕೋರಿ. ಸಾಬೂನ್ ನೀರಾಗ ತೊಳೀರಿ, ಒಣಗಿಸ್ರಿ, ಬ್ರೇಕ್ ಆಯಿಲ್ ಹಚ್ಚಿ ಕೂಡಿಸ್ರಿ. ಚಿಮಣಿ ಎಣ್ಣಿ ಮಾತ್ರ ರಬ್ಬರಿಗಿ ತಾಗಿಸಬ್ಯಾಡ್ರಿ. ಉಬ್ಬತದ, ಹಾಳಾಗ್ತದ."

ಸೀಮೆಎಣ್ಣೆ ಬೇಡ ಅನ್ನುವ ಮುದುಕನಿಗೆ ತನ್ನ ಸಾಮಾನು ಮಾರಬೇಕಾಗಿದೆ ಎಂದು ಕಾಕಾ ದಾರಿಯುದ್ದಕ್ಕೂ ಹೇಳಿದ. ಬೀದರಿನಲ್ಲೇ ಸಿಗುತ್ತಿದ್ದ ರಬ್ಬರ್ ರಿಂಗು ಕೊಳ್ಳದವನು ಮರುದಿನ ಭಾಲ್ಕಿವರೆಗೆ ಹೋಗಿ ಒಂದು ಡಬ್ಬಿ ಕೆಂಪು ಎನಾಮೆಲ್ ಬಣ್ಣ ತಂದ. ವಿದೇಶಿ ಕಾರುಗಳ ಚಕ್ರದೊಳಗೆ ಕೆಂಪು ಕಾಣುವುದನ್ನು ಯಾವುದೋ ಕ್ಯಾಲೆಂಡರಿನಲ್ಲಿ ನೋಡಿದ್ದನಂತೆ.

ಅಂಗಳದಲ್ಲಿ ಕಲ್ಲಿನ ಮೇಲೆ ಗಾಡಿ ನಿಂತಿತು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬ್ರೇಕ್ ತುಳಿಸಿದ. ಹತ್ತಿಪ್ಪತ್ತು ಸಲ ತುಳಿದ ಮೇಲೆ ಪಿಸ್ಟನ್ ಟಪ್ಪೆಂದು ಹೊರಬಿತ್ತು. ಓಣಿಯ ಹುಡುಗರು ಕೇಕೆ ಹಾಕಿದರು. ತಂತಿ ಬ್ರಶ್ಶಿನಿಂದ ಉಜ್ಜಿದ ತುಕ್ಕು ಕುಂಕುಮದ ಹಾಗೆ ಉದುರುತ್ತಿತ್ತು. ಅದನ್ನು ಹಣೆಗೆ ಹಚ್ಚಿಕೊಂಡು ಸಂಗೀತಾ, ನಾನು ಮದುವೆಯಾಟ ಆಡಿದೆವು. ಒಳಗೆ ಅವ್ವ ಶಂಕರಪೋಳಿ ಕರಿಯುತ್ತಿದ್ದಳು. ಅದಕ್ಕೂ ಚಿಮಣಿ ಎಣ್ಣೆಯ ವಾಸನೆ ಹತ್ತಿತ್ತು. ತಿಂದೆವು.

ಚಿಮಣಿ ಎಣ್ಣೆ ಏಕೆಂದರೆ, ನಮ್ಮಲ್ಲಿ ಸೈಕಲ್ ಚೈನಿನಿಂದ ಹೊಲಿಗೆ ಯಂತ್ರದವರೆಗೆ ಎಲ್ಲ ಕಬ್ಬಿಣವನ್ನೂ ಅದರಲ್ಲೇ ತೊಳೆಯುತ್ತಿದ್ದರು. ಕಾಕಾ ಹಳೇ ರಬ್ಬರ್ ರಿಂಗುಗಳನ್ನೂ ಅದೇ ಬೋಗುಣಿಗೆ ಹಾಕಿಟ್ಟ. ಚಾಚಾ ಬೇಡ ಅಂದಿದ್ದರಲ್ಲ ಎಂದೆ. ನೀರು ಎಲ್ಲಿದೆ ಎಂದು ಗದರಿದ. ಮರುದಿನ ರಿಂಗುಗಳು ದಪ್ಪಗಾಗಿದ್ದವು. ಒಂದನ್ನು ಬೆರಳಿಗೆ ಸಿಕ್ಕಿಸಿ ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದ.

"ನೋಡ್ರಿ, ಸೊರಗಿದ್ದು ಹ್ಯಾಂಗ ತುಂಬಿಕೊಂಡದ. ನೆನಿಹಾಕಿದ ಕಡ್ಲಿ ಹಂಗ. ಇದಕ್ಕ ಹೊಸಾದು ಯಾಕ ಬೇಕ್ರಿ?"

ನೆರೆದವರು ತಲೆಯಾಡಿಸಿದರು. ಒಣಗಿದ್ದು ಉಬ್ಬಿದರೆ ಒಳ್ಳೆಯದೇ ಆಗಿರಬೇಕು ಎಂದು ನಂಬುವ ವರ್ಷ ಅದು. ತನ್ನ ಜಾಗದಲ್ಲಿ ಕೂರದ ರಿಂಗನ್ನು ಕಾಕಾ ಹೆಬ್ಬೆರಳಿನಿಂದ ತುರುಕಿ ಕೂರಿಸಿದ. ಕ್ಯಾಲಿಪರ್‌ಗೆ ಎರಡು ಕೈ ಕೆಂಪು ಬಳಿದ. ಪಾಡ್ಯದ ದಿನ ಎರಡು ಕೊಡ ನೀರು ಸುರಿದು ಗಾಡಿಯ ಮೈ ತೊಳೆದ. ಅವ್ವ ಬಾಗಿಲಲ್ಲಿ ನಿಂತು ಕೇಳಿದಳು:

"ಮೈ ತೊಳೀಲಿಕ್ಕಿ ನೀರು ಅದ, ಬ್ರೇಕ್ ತೊಳೀಲಿಕ್ಕಿ ಇದ್ದಿಲ್ಲೇನು ಶಿವರಾಜ?"

"ವೈನಿ, ಬ್ರೇಕ್ ಯಾರ್ ನೋಡ್ತಾರ್ರಿ?"

ಹಾಗೆ ನೋಡಿದರೆ ಎಲ್ಲರೂ ನೋಡಿದರು. ಚಕ್ರದ ತೂತುಗಳೊಳಗಿನ ಕೆಂಪನ್ನು ಬಗ್ಗಿ ಬಗ್ಗಿ ನೋಡಿ, ಶಿವರಾಜನ ಗಾಡಿ ಹೊಸದಾಯಿತು ಅಂದರು. ಭಟ್ಟಿಗೆ ಹೊರಟವರು ಬೇರೆ ಗಾಡಿ ಬಿಟ್ಟು ಇದನ್ನೇ ಗೊತ್ತುಮಾಡಿದರು. ಕಮಲಾಬಾಯಿ ಕೂಡ. ಹೊರಡುವಾಗ ಆಕೆ ಮಗಳ ಜಡೆ ಬಿಗಿದು ಕಟ್ಟಿ, ಸಾಲಿ ತಪ್ಪಿಸಬೇಡ ಎಂದಷ್ಟೇ ಹೇಳಿ ಹತ್ತಿದಳು.

ಒಡೆದ ಗಾಡಿಯನ್ನು ಎಳೆದು ತಂದು ಅದೇ ಅಂಗಳದಲ್ಲಿ ನಿಲ್ಲಿಸಿದರು. ಅಪ್ಪ ಬೀದರಿನಿಂದ ಚಾಚಾನನ್ನು ಕರೆಸಿದ. ಉಬ್ಬಿದ ರಬ್ಬರು ಪಿಸ್ಟನ್ನನ್ನು ಹಿಂದಕ್ಕೆ ಬಿಟ್ಟಿರಲಿಲ್ಲ. ಕಾಲು ತೆಗೆದ ಮೇಲೂ ಬ್ರೇಕ್ ಉಜ್ಜುತ್ತಲೇ ಹೋಗಿ ಕಾದು, ಆಯಿಲ್ ಕುದಿದು, ಇಳಿಜಾರಿನಲ್ಲಿ ಪೆಡಲ್ ತಳ ಮುಟ್ಟಿತ್ತು. ಚಾಚಾ ರಿಂಗನ್ನು ಹಿಂಡಿದರು. ಅದು ನಾದಿದ ಹಿಟ್ಟಿನಂತೆ ಹರಿದು ಬಂತು.

"ಚಿಮಣಿ ಎಣ್ಣ್ಯಾಗ ಹಾಕಿದ್ದಿರೇನು?"

"ಇಲ್ರಿ ಚಾಚಾ. ನೀವು ಹೇಳ್ದಂಗೇ ಮಾಡೇನಿ."

ಚಾಚಾ ನನ್ನ ಕಡೆ ನೋಡಿದರು. ನಾನು ಕೈ ಒರೆಸುವ ಬಟ್ಟೆಯನ್ನು ಅವರ ಮುಂದೆ ಹಿಡಿದೆ. ಅವರು ಕೈ ಒರೆಸಿಕೊಂಡು ಬಸ್ಸಿಗೆ ಹೋದರು.

ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂತು: ಚಾಲಕನ ಸಮಯಪ್ರಜ್ಞೆಯಿಂದ ಹನ್ನೊಂದು ಜನ ಪಾರು. ಕಮಲನಗರದಲ್ಲಿ ಯಾರೋ ಕಾಕಾನಿಗೆ ಶಾಲು ಹೊದಿಸಿದರು. ಆ ಶಾಲನ್ನು ಅವನು ಆ ಚಳಿಗಾಲವಿಡೀ ಹೊದ್ದ. ಕಮಲಾಬಾಯಿಯ ಕೈಯ ಸುದ್ದಿ ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ.

ಭಟ್ಟಿಯ ಕೆಲಸಕ್ಕೆ ಜನರನ್ನು ಜೋಡಿ ಲೆಕ್ಕದಲ್ಲಿ ಗೊತ್ತುಮಾಡುತ್ತಿದ್ದರು: ಮಣ್ಣು ಕಲಸಲು ಒಬ್ಬ, ಅಚ್ಚು ಹಾಕಲು ಒಬ್ಬಳು. ವಾರ ಬಿಟ್ಟು, ಭಟ್ಟಿಗೆ ಆಳು ಒದಗಿಸಲು ಮುಂಗಡ ಕೊಟ್ಟಿದ್ದ ಮುಕಾದಮ ಸಂಗೀತಾಳ ಮನೆಗೆ ಬಂದ. ಕೈ ಕೂಡುವವರೆಗೆ ಕಾಯಿರಿ ಎಂದು ಕಮಲಾಬಾಯಿ ಬೇಡಿಕೊಂಡಳು.

"ಜೋಡಿ ಅಂದ್ರ ನಾಕು ಕೈ ಬೇಕವ್ವ. ಹುಡುಗಿ ಅದಾಳಲ್ಲ," ಎಂದ ಅವನು.

ಮರುದಿನ ಸಂಗೀತಾ ಅಪ್ಪನ ಜೊತೆ ಬಸ್ಸು ಹತ್ತಿದಳು. ಕಮಲಾಬಾಯಿ ಅಜ್ಜಿಯ ಹತ್ತಿರ ಉಳಿದಳು. ಸಂಗೀತಾ ಆ ವರ್ಷದ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷ ಮಳೆಯಾಯಿತು. ಆಗಲೂ ಶಾಲೆಗೆ ಬರಲಿಲ್ಲ.

ಹೋದ ವರ್ಷ ಬೀದರ್ ಬಸ್ ನಿಲ್ದಾಣದಲ್ಲಿ ಸಂಗೀತಾ ಸಿಕ್ಕಳು. ಗಂಡನೊಂದಿಗೆ ಭಟ್ಟಿಗೆ ಹೊರಟಿದ್ದಳು. ಜಹೀರಾಬಾದಿಗೆ ಹೋಗುವುದು ಯಾವ ಬಸ್ಸು, ಅಕ್ಷರ ಮರೆತುಹೋಗಿವೆ, ಬೋರ್ಡು ಓದಿ ಹೇಳು ಎಂದಳು. ಓದಿ ಹೇಳಿದೆ. ಇಬ್ಬರೂ ಹತ್ತಿದರು.